ನೂರರ ಕಟ್ಟು: ಚಿನ್ ದೊರೆಯ ಕಂಚಿನ ಬಾಣಗಳು

ಕತ್ತಿಯನ್ನು ಒಮ್ಮೆ ಮಾಡಿಸಿದರೆ ತಲೆಮಾರುಗಟ್ಟಲೆ ಬಾಳುತ್ತದೆ. ಮೊಂಡಾದರೆ ಸಾಣೆ ಹಿಡಿಯಬಹುದು, ಹಿಡಿ ಸಡಿಲವಾದರೆ ಬೇರೆ ಹಾಕಿಸಬಹುದು. ಬಾಣ ಹಾಗಲ್ಲ, ಬಿಟ್ಟರೆ ಹೋಯಿತು. ಹುಡುಕಿ ತಂದರೂ ಮೊನೆ ಮುರಿದಿರುತ್ತದೆ, ಇಲ್ಲವೇ ಕಾವು, ಅಂದರೆ ಬಾಣದ ಕೋಲು, ಸೀಳಿರುತ್ತದೆ. ಹಾಗಾಗಿ ಪ್ರಾಚೀನರ ಲೋಹದ ಆಯುಧಗಳಲ್ಲಿ ಯಾವುದನ್ನು ಮಾಡುವುದು ಅತಿ ಕಷ್ಟ ಎಂದು ಕೇಳಿದರೆ ನನ್ನ ಉತ್ತರ ಬಾಣದ ಮೊನೆ. ಒಂದು ಮೊನೆ ಮಾಡುವುದು ಸುಲಭ. ಒಂದರಂತೆ ಇನ್ನೊಂದು, ಅದೇ ತೂಕ, ಅದೇ ಆಕಾರ, ಅದೇ ಚೂಪು, ಹೀಗೆ ಸಾವಿರಗಟ್ಟಲೆ ಮಾಡುವುದು ಕಷ್ಟ. ಅದೂ ಕಳೆದುಹೋಗಲಿಕ್ಕೆಂದೇ ಮಾಡುವ ವಸ್ತು.

ಇದನ್ನು ಸಾಧಿಸಿದವರ ಕೆಲಸ ಕಣ್ಣಿಗೆ ಕಾಣುವಂತೆ ಉಳಿದಿರುವುದು ಚೀನಾದ ಷಿಯಾನ್ ನಗರದ ಪೂರ್ವಕ್ಕಿರುವ ಲಿಂಟಾಂಗ್‌ನಲ್ಲಿ. 1974ರ ಮಾರ್ಚ್‌ನಲ್ಲಿ ಅಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸುಟ್ಟ ಮಣ್ಣಿನ ಸೈನಿಕರ ಚೂರುಗಳು ಸಿಕ್ಕವು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿ ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಿನ್ ಶಿ ಹ್ವಾಂಗ್ ದೊರೆಯ ಸಮಾಧಿಯ ಕಾವಲು ಪಡೆ ಅದು. ನೋಡಲು ಹೋದವರೆಲ್ಲ ಸೈನಿಕರ ಮುಖ ನೋಡುತ್ತಾರೆ. ಅವರ ಕಾಲಬುಡದ ಮಣ್ಣಿನಲ್ಲಿ ಸಿಕ್ಕ ಕಂಚಿನ ಬಾಣದ ಮೊನೆಗಳೇ 40,000ಕ್ಕೂ ಹೆಚ್ಚು. ಬಂದೂಕಿನಂತೆ ಕುದುರೆ (ಟ್ರಿಗರ್) ಎಳೆದು ಬಾಣ ಬಿಡುವ ಅಡ್ಡಬಿಲ್ಲುಗಳ ಮರ, ಹೆದೆ, ಬಾಣದ ಬಿದಿರು, ಗರಿ, ಬತ್ತಳಿಕೆ ಎಲ್ಲ ಸುಟ್ಟೋ ಕೊಳೆತೋ ಹೋಗಿವೆ. ಬತ್ತಳಿಕೆ ಇದ್ದ ಜಾಗದಲ್ಲೇ ಮೊನೆಗಳು ಮಾತ್ರ ಕಟ್ಟುಕಟ್ಟಾಗಿ ಕುಳಿತಿವೆ. ಚದುರದ ಒಂದು ಕಟ್ಟನ್ನು ಎಣಿಸಿದರೆ ಹೆಚ್ಚುಕಡಿಮೆ 100.

ಒಂದನ್ನು ಹತ್ತಿರದಿಂದ ನೋಡೋಣ. ಮೊನೆ ನಮ್ಮ ಕಿರುಬೆರಳಿನ ತುದಿಯ ಗೆಣ್ಣಿನಷ್ಟು. ಚಪ್ಪಟೆಯಲ್ಲ, ಮೂರು ಮುಖದ ಗೋಪುರ. ಮೂರೂ ಮುಖಗಳು ಸ್ವಲ್ಪ ಉಬ್ಬಿಕೊಂಡಿವೆ, ಮೂರು ಅಂಚುಗಳು ನಯವಾಗಿ ಬಾಗಿ ತುದಿಯಲ್ಲಿ ಕೂಡುತ್ತವೆ. ಯಾವ ಕಡೆಯಿಂದ ನೋಡಿದರೂ ಅದೇ ಬಾಗು. ಮೊನೆಯ ಹಿಂದಕ್ಕೆ ಅದಕ್ಕಿಂತ ಉದ್ದದ ಸಣ್ಣ ಕಡ್ಡಿ. ಕುಡುಗೋಲಿನ ಅಲಗಿಗೆ ಹಿಡಿಯೊಳಗೆ ಹೋಗುವ ಬಾಲವಿರುತ್ತದಲ್ಲ, ಹಾಗೆಯೇ ಇದು ಬಿದಿರಿನೊಳಗೆ ಹೋಗುವ ಬಾಲ. ಮೊನೆಯ ಮುಖದ ಮೇಲೆ ಭೂತಗನ್ನಡಿ ಹಿಡಿದರೆ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು ಕಾಣುತ್ತವೆ. ಬಾಲದ ಮೇಲೆ ಅಂಥ ನಯವಿಲ್ಲ, ಅಚ್ಚಿನಿಂದ ಬಂದ ಒರಟು ಹಾಗೇ ಇದೆ. ಬಿದಿರಿನೊಳಗೆ ಹೋಗುವ ಭಾಗಕ್ಕೆ ಸಾಣೆ ಯಾಕೆ? ಒರಟಿದ್ದರೇ ಹಿಡಿತ ಹೆಚ್ಚು. ಬೇಕಾದ ಕಡೆ ಬೇಕಾದಷ್ಟೇ ಕೆಲಸ ಮಾಡಿದ್ದಾರೆ.

ಈಗ ಲೋಹದ ವಿಷಯ. ಮೊನೆಗೂ ಬಾಲಕ್ಕೂ ಒಂದೇ ಕಂಚು ಬಳಸಿಲ್ಲ. ಮೊನೆಯಲ್ಲಿ ತವರ ಜಾಸ್ತಿ, ಬಾಲದಲ್ಲಿ ಬಹಳ ಕಡಿಮೆ. ಇದರ ಅರ್ಥ ತಿಳಿಯಲು ನಮ್ಮ ದೇವರ ಮನೆಯ ಜಾಗಟೆ ಸಾಕು. ಗಂಟೆ, ಜಾಗಟೆ, ಊಟದ ಕಂಚಿನ ತಟ್ಟೆಗೆ ಬಳಸುವ ಕಂಚಿನಲ್ಲಿ ನೂರಕ್ಕೆ 22ರ ಆಸುಪಾಸು ತವರ ಇರುತ್ತದೆ. ಅದು ಗಟ್ಟಿ, ನಾದ ಒಳ್ಳೆಯದು, ಆದರೆ ಕಲ್ಲಿನ ನೆಲಕ್ಕೆ ಬಿದ್ದರೆ ಸೀಳುತ್ತದೆ. ತಾಮ್ರದ ಚೊಂಬು ಬಿದ್ದರೆ ನೆಗ್ಗುತ್ತದೆ, ಒಡೆಯುವುದಿಲ್ಲ. ತವರ ಏರಿದಂತೆ ಗಡಸು ಏರುತ್ತದೆ, ಜೊತೆಗೆ ಒಡಕುತನವೂ ಏರುತ್ತದೆ. ಬಾಣ ಗುರಿಗೆ ಬಡಿದಾಗ ಮೊನೆಯ ಮೇಲೆ ಬೀಳುವುದು ಮುಖ್ಯವಾಗಿ ನೇರ ಒತ್ತಡ. ಗಿಡ್ಡ, ದಪ್ಪ ಗೋಪುರದ ಆಕಾರಕ್ಕೆ ಅದನ್ನು ತಡೆಯುವ ಶಕ್ತಿ ಇದೆ, ಹಾಗಾಗಿ ಅಲ್ಲಿ ಗಡಸನ್ನೇ ಆರಿಸಿಕೊಳ್ಳಬಹುದು. ಬಾಲ ಸಣ್ಣ ಕಡ್ಡಿ. ಬಾಣ ಓರೆಯಾಗಿ ಬಡಿದಾಗ ಬಾಗುವ ಒತ್ತಡವೆಲ್ಲ ಅದರ ಮೇಲೆ. ಅಲ್ಲಿ ಜಾಗಟೆಯ ಕಂಚು ಹಾಕಿದರೆ ಪಟ್ಟನೆ ಮುರಿಯುತ್ತದೆ. ತವರ ಕಡಿಮೆ ಇದ್ದರೆ ಬಾಗಿ ಉಳಿಯುತ್ತದೆ.

ಶುದ್ಧ ತಾಮ್ರ ಯಾಕಾಗದು ಎಂಬುದಕ್ಕೂ ಲೆಕ್ಕ ಇದೆ. ಕಾಯಿಸಿ ಮೆತ್ತಗಾದ ತಾಮ್ರದ ಗಡಸು ವಿಕರ್ಸ್ ಅಳತೆಯಲ್ಲಿ ಸುಮಾರು 50. ಸುತ್ತಿಗೆಯಿಂದ ತಣ್ಣಗೆ ಬಡಿದರೆ 100 ದಾಟುತ್ತದೆ. ನೂರಕ್ಕೆ 10 ತವರ ಹಾಕಿದ ಕಂಚನ್ನು ಬಡಿದರೆ 200ನ್ನೂ ದಾಟುತ್ತದೆ. ಆದರೆ 20ರ ಹತ್ತಿರ ತವರ ಇರುವ ಕಂಚನ್ನು ತಣ್ಣಗೆ ಬಡಿಯುವ ಹಾಗಿಲ್ಲ, ಬಿರುಕು ಬಿಡುತ್ತದೆ. ಅದನ್ನು ಕೆಂಪಗೆ ಕಾಯಿಸಿ ಬಡಿಯಬೇಕು, ಇಲ್ಲವೇ ಎರಕ ಹೊಯ್ದು ಸಾಣೆ ಹಿಡಿಯಬೇಕು. ಸಾವಿರಗಟ್ಟಲೆ ಬೇಕಿರುವವನಿಗೆ ಎರಕವೇ ಅನುಕೂಲ, ಏಕೆಂದರೆ ಬಡಿಯುವ ಕೆಲಸದಲ್ಲಿ ಕೈಯಿಂದ ಕೈಗೆ ವ್ಯತ್ಯಾಸ ಬರುತ್ತದೆ.

ಪ್ರಾಚೀನ ಚೀನಾದ ಕರಕುಶಲ ಗ್ರಂಥ ‘ಕಾವೊಗೊಂಗ್ ಜಿ’ಯಲ್ಲಿ ಕಂಚಿನ ಆರು ಪಾಕಗಳ ಪಟ್ಟಿ ಇದೆ. ಬಾಣಕ್ಕೆ ಅಲ್ಲಿ ಹೇಳಿರುವುದು ಐದು ಪಾಲು ಲೋಹಕ್ಕೆ ಎರಡು ಪಾಲು ತವರ. ಇದನ್ನು ಐದು ಪಾಲು ತಾಮ್ರದ ಜೊತೆಗೆ ಎರಡು ಪಾಲು ತವರ ಎಂದು ಓದಿದರೂ ನೂರಕ್ಕೆ 28 ದಾಟುತ್ತದೆ, ಐದರಲ್ಲಿ ಎರಡು ಎಂದು ಓದಿದರೆ 40. ಎರಡೂ ಗಾಜಿನಂತೆ ಒಡೆಯುವ ಲೋಹ. ನಿಜವಾದ ಮೊನೆಗಳಲ್ಲಿ ಅಷ್ಟು ತವರ ಇಲ್ಲ. ಗ್ರಂಥದಲ್ಲಿರುವ ಪಾಕವೇ ಬೇರೆ, ಮೂಸೆಯ ಮುಂದೆ ನಿಂತವನ ಪಾಕವೇ ಬೇರೆ. ನಾನಂತೂ ಮೂಸೆಯವನ ಮಾತನ್ನೇ ನಂಬುತ್ತೇನೆ.

ಎರಡು ಪಾಕ ಇರುವುದರಿಂದ ಎರಡು ಸಲ ಎರಕ ಹೊಯ್ಯಬೇಕು. ಮೊದಲು ಬಾಲ. ಅದು ಆರಿದ ಮೇಲೆ ಅದರ ತುದಿಯನ್ನು ಮೊನೆಯ ಅಚ್ಚಿನೊಳಗೆ ಇಟ್ಟು, ಸುತ್ತ ಮೊನೆಯ ಕಂಚು ಹೊಯ್ಯಬೇಕು. ಈ ಕ್ರಮ ತಿರುಗಿಸಿದರೆ ಕೆಲಸ ಕೆಡುತ್ತದೆ. ತಾಮ್ರ ಕರಗುವುದು 1,085 ಡಿಗ್ರಿಯಲ್ಲಿ, ತವರ 232ರಲ್ಲಿ. ತವರ ಹೆಚ್ಚಿದಂತೆ ಕಂಚು ಕರಗುವ ಬಿಸಿ ಇಳಿಯುತ್ತದೆ: ನೂರಕ್ಕೆ 10 ಇದ್ದರೆ 1,000 ಡಿಗ್ರಿಯ ಆಸುಪಾಸು, 20 ಇದ್ದರೆ 900ರ ಆಸುಪಾಸು. ತವರ ಕಡಿಮೆ ಇರುವ ಬಾಲ ಹೆಚ್ಚು ಬಿಸಿಗೂ ಜಗ್ಗುವುದಿಲ್ಲ, ಹಾಗಾಗಿ ಅದರ ಸುತ್ತ ಮೊನೆಯ ಕಂಚು ಹೊಯ್ದರೂ ಅದು ನಿಂತಲ್ಲೇ ನಿಲ್ಲುತ್ತದೆ. ಮೊನೆಯ ಲೋಹ ಆರುವಾಗ ಕುಗ್ಗಿ ಬಾಲದ ತುದಿಯನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಬೆಸುಗೆ ಬೇಡ, ಮೊಳೆ ಬೇಡ. ಮೊದಲು ಮೊನೆ ಮಾಡಿ ಅದಕ್ಕೆ ಬಾಲ ಹೊಯ್ಯಲು ಹೋದರೆ, ಬಾಲದ ಹೆಚ್ಚು ಬಿಸಿಯ ಲೋಹ ಮೊನೆಯ ಬುಡವನ್ನೇ ಕರಗಿಸುತ್ತದೆ.

ಅಚ್ಚು ಸುಟ್ಟ ಮಣ್ಣಿನದು. ಮೂರು ಮುಖದ ಗಟ್ಟಿ ಗೋಪುರಕ್ಕೆ ಎರಡೇ ತುಂಡಿನ ಅಚ್ಚೂ ಸಾಲುತ್ತದೆ: ಒಂದರಲ್ಲಿ ಎರಡು ಮುಖಗಳ ತಗ್ಗು, ಇನ್ನೊಂದು ಮೂರನೆಯ ಮುಖದ ಮುಚ್ಚಳ. ಮೇಣದ ಅಚ್ಚಿನ ವಿಧಾನ ವಿಗ್ರಹಕ್ಕೆ ಸರಿ. ಬಾಣಕ್ಕೆ ಅಲ್ಲ, ಪ್ರತಿ ಮೊನೆಗೂ ಹೊಸ ಮೇಣ, ಹೊಸ ಮಣ್ಣು ಎಂದರೆ ಯಾರಿಗೆ ಪುರುಸೊತ್ತು? ತುಂಡು ಅಚ್ಚಿನಲ್ಲಿ ಎರಡು ತುಂಡು ಕೂಡುವ ಸಂದಿನಲ್ಲಿ ಲೋಹ ಒಸರಿ ತೆಳು ಪಟ್ಟಿಯಾಗಿ ನಿಲ್ಲುತ್ತದೆ. ಸಂದು ಮೊನೆಯ ಅಂಚಿಗೇ ಬರುವಂತೆ ಅಚ್ಚು ಮಾಡಿದರೆ ಚೂಪು ಮಾಡುವಾಗ ಆ ಪಟ್ಟಿಯೂ ಹೋಗುತ್ತದೆ, ಒಂದೇ ಕೆಲಸದಲ್ಲಿ ಎರಡು ಮುಗಿಯುತ್ತವೆ. ಮುಖದ ನಡುವೆ ಬಂದರೆ ಮುಖವನ್ನೂ ಅರದಿಂದ ಉಜ್ಜಬೇಕು, ತೂಕ ತಪ್ಪುತ್ತದೆ.

ಕೆಡುವುದು ಎಲ್ಲೆಲ್ಲಿ ಎಂದರೆ: ಅಚ್ಚಿನ ಮಣ್ಣಿನಲ್ಲಿ ತೇವ ಉಳಿದಿದ್ದರೆ ಲೋಹ ತಾಗಿದ ಕ್ಷಣ ಉಗಿಯಾಗಿ ಸಿಡಿಯುತ್ತದೆ, ಸಿಡಿಯದಿದ್ದರೂ ಮೊನೆಯೊಳಗೆ ಗುಳ್ಳೆ ಬಿಡುತ್ತದೆ. ಅಚ್ಚು ತಣ್ಣಗಿದ್ದರೆ ಲೋಹ ತುದಿ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ಮೊಂಡು ಮೊನೆ ಬರುತ್ತದೆ. ತುದಿ ಎಲ್ಲಕ್ಕಿಂತ ತೆಳುವಾದ್ದರಿಂದ ಮೊದಲು ಆರುವುದು ಅದೇ. ಹಾಗಾಗಿ ಅಚ್ಚನ್ನು ಬಿಸಿ ಮಾಡಿಕೊಂಡು, ಲೋಹವನ್ನೂ ಕರಗುವ ಬಿಸಿಗಿಂತ ನೂರು ಡಿಗ್ರಿಯಷ್ಟು ಮೇಲೆ ತೆಗೆದುಕೊಂಡು ಹೋಗಿ, ತಡವರಿಸದೆ ಒಂದೇ ಧಾರೆಯಲ್ಲಿ ಹೊಯ್ಯಬೇಕು. ಅಚ್ಚಿನ ತುಂಡುಗಳು ಕೂದಲೆಳೆಯಷ್ಟು ಜಾರಿದರೂ ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ. ಬಾಲ ಅಚ್ಚಿನ ನಡುಗೆರೆಯಲ್ಲಿ ಕೂರದಿದ್ದರೆ ಮೊನೆ ಸೊಟ್ಟ, ಅಂಥ ಬಾಣ ಹಾರುವಾಗ ತೂರಾಡುತ್ತದೆ. ಇನ್ನೊಂದು ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಕೆಟ್ಟ ಮೊನೆಗಳನ್ನು ಮತ್ತೆ ಮೂಸೆಗೆ ಹಾಕಿ ಕರಗಿಸಿದಾಗಲೆಲ್ಲ ತವರದ ಒಂದು ಅಂಶ ಗಾಳಿಗೆ ಉರಿದು ಕಿಟ್ಟವಾಗಿ ಮೇಲೆ ತೇಲುತ್ತದೆ. ನಾಲ್ಕಾರು ಸಲ ಹೀಗಾದರೆ ಪಾಕ ಇಳಿದು ಮೊನೆ ಮೆತ್ತಗಾಗುತ್ತದೆ. ಮೂಸೆಯ ಮೇಲೆ ಇದ್ದಿಲ ಪದರ ಮುಚ್ಚಿಡುವುದು, ಸ್ವಲ್ಪ ಹೊಸ ತವರ ಸೇರಿಸುವುದು, ಇವೆರಡೇ ಮದ್ದು.

ಎರಕ ಮುಗಿದ ಮೇಲೆ ಸಾಣೆ. ಮೊನೆಗಳ ಮೇಲ್ಮೈಗೆ ಸಿಲಿಕೋನ್ ರಬ್ಬರ್ ಒತ್ತಿ, ಆ ಪಡಿಯಚ್ಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಸಂಶೋಧಕರಿಗೆ ಕಂಡದ್ದು ಬಹಳ ಸಣ್ಣ, ಬಹಳ ಒತ್ತಾದ, ಸಮಾನಾಂತರ ಗೀರುಗಳು. ಕೈಯಲ್ಲಿ ಕಲ್ಲು ಹಿಡಿದು ಉಜ್ಜಿದರೆ ಗೀರುಗಳು ಅಡ್ಡಾದಿಡ್ಡಿ ಹೋಗುತ್ತವೆ. ಇಷ್ಟು ಶಿಸ್ತು ಬರಬೇಕಾದರೆ ತಿರುಗುವ ಸಾಣೆ ಇದ್ದಿರಬೇಕು. ಆಮೇಲೆ ಬಾಲವನ್ನು ಬಿದಿರಿಗೆ ಕೂರಿಸುವುದು. ಬಿದಿರು ಉದ್ದಕ್ಕೆ ಸೀಳುವ ಜಾತಿ. ಬಾಣ ಬಡಿದಾಗ ಬಾಲ ಆಪಿನಂತೆ ಒಳನುಗ್ಗಿ ತುದಿಯನ್ನು ಸೀಳಿಬಿಡುತ್ತದೆ. ತುದಿಗೆ ನೂಲು ಸುತ್ತಿ ಅಂಟು ಹಾಕಿ ಬಿಗಿಯುವುದು ಅದಕ್ಕೇ.

ಇಷ್ಟು ಕೆಲಸ ಯಾರು, ಯಾವ ಏರ್ಪಾಟಿನಲ್ಲಿ ಮಾಡಿದರು? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಅದೇ ಗುಂಡಿಯಲ್ಲಿ ಸಿಕ್ಕ ಕೆಲವು ಉದ್ದ ಹಿಡಿಯ ಆಯುಧಗಳ ಮೇಲೆ ಬರಹ ಕೊರೆದಿದ್ದಾರೆ: ಪ್ರಧಾನಿ ಲ್ಯೂ ಬುವೇ ಹೆಸರು, ಕಾರ್ಯಾಗಾರದ ಅಧಿಕಾರಿಯ ಹೆಸರು, ಕೊನೆಗೆ ಕೆಲಸಗಾರನ ಹೆಸರು. ಆಯುಧ ಕೆಟ್ಟದಾಗಿ ಬಂದರೆ ಯಾರನ್ನು ಕೇಳಬೇಕು ಎಂಬುದು ಅದರ ಮೇಲೇ ಬರೆದಿದೆ. ಬಾಣದ ಮೊನೆಯ ಮೇಲೆ ಹೆಸರು ಕೊರೆಯಲು ಜಾಗವೂ ಇಲ್ಲ, ಕಾಲವೂ ಇಲ್ಲ. ಆದರೆ ಪ್ರತಿ ಸಲ ಮೂಸೆ ತುಂಬಿದಾಗ ತಾಮ್ರ, ತವರ, ಸೀಸದ ಪ್ರಮಾಣ ಒಂಚೂರು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಒಂದು ಮೂಸೆಯಿಂದ ಬಂದ ಮೊನೆಗಳೆಲ್ಲ ಒಂದೇ ಪಾಕ. ಆ ಪಾಕವೇ ಅವುಗಳ ಮೇಲಿನ ಹೆಸರು.

ಆಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಮಾರ್ಕೋಸ್ ಮಾರ್ಟಿನೋನ್-ಟೊರೆಸ್, ಷಿಯುಜೆನ್ ಲೀ ಮತ್ತು ಚೀನಾದ ಅವರ ಸಹೋದ್ಯೋಗಿಗಳು ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣ ಯಂತ್ರದಿಂದ ಕಟ್ಟುಕಟ್ಟು ಮೊನೆಗಳ ಪಾಕವನ್ನು ಅಳೆದರು. ಮೊನೆಗೆ ಗಾಯ ಮಾಡದೆ ಮೇಲಿಂದಲೇ ಅಳೆಯುವ ಯಂತ್ರ ಅದು. ತರ್ಕ ಸರಳ. ಒಂದು ಕಡೆ ಬರೀ ಮೊನೆ, ಇನ್ನೊಂದು ಕಡೆ ಬರೀ ಬಾಲ, ಮತ್ತೊಂದು ಕಡೆ ಜೋಡಣೆ ಎಂದು ದೊಡ್ಡ ಕಾರ್ಖಾನೆಯ ಸಾಲು ಇದ್ದಿದ್ದರೆ, ಎಲ್ಲ ಒಂದು ರಾಶಿಗೆ ಬಿದ್ದು ಒಂದೊಂದು ಕಟ್ಟಿನಲ್ಲೂ ಹತ್ತಾರು ಪಾಕಗಳು ಬೆರೆತಿರಬೇಕು. ಕಂಡದ್ದು ಅದಕ್ಕೆ ತದ್ವಿರುದ್ಧ. ಒಂದು ಕಟ್ಟಿನ ಮೊನೆಗಳ ಪಾಕ ತಮ್ಮತಮ್ಮಲ್ಲಿ ಬಹಳ ಹತ್ತಿರ, ಪಕ್ಕದ ಕಟ್ಟಿನ ಪಾಕ ಬೇರೆ. ಅಂದರೆ ಸಣ್ಣ ಸಣ್ಣ ತಂಡಗಳು ಬಾಲ ಹೊಯ್ಯುವುದರಿಂದ ಹಿಡಿದು ನೂರು ಬಾಣ ಕಟ್ಟಿ ಬತ್ತಳಿಕೆಗೆ ತುಂಬುವ ತನಕ ಇಡೀ ಕೆಲಸವನ್ನು ತಾವೇ ಮಾಡುತ್ತಿದ್ದವು. ಕೆಲಸದ ಅಳತೆ ಮೊನೆಯಲ್ಲ, ನೂರರ ಕಟ್ಟು.

ಇದರ ಲಾಭ ಯೋಚಿಸಿದಷ್ಟೂ ಕಾಣುತ್ತದೆ. ಸಾಲಿನ ಕಾರ್ಖಾನೆಯಲ್ಲಿ ಬಾಲ ಹೊಯ್ಯುವವರು ಒಂದು ದಿನ ನಿಂತರೆ ಎಲ್ಲವೂ ನಿಲ್ಲುತ್ತದೆ. ತಂಡಗಳಿದ್ದರೆ ಒಂದು ನಿಂತರೂ ಉಳಿದವು ನಡೆಯುತ್ತವೆ. ಕೆಟ್ಟ ಕಟ್ಟು ಬಂದರೆ ಯಾವ ತಂಡದ್ದು ಎಂದು ತಕ್ಷಣ ತಿಳಿಯುತ್ತದೆ. ಬಾಣಕ್ಕೆ ಮಾತ್ರವಲ್ಲದೆ ಬೇರೆ ಆಯುಧಕ್ಕೂ ಅದೇ ತಂಡವನ್ನು ಹಚ್ಚಬಹುದು. ಆದರೆ ಎಲ್ಲ ತಂಡಗಳ ಮೊನೆಗಳೂ ಒಂದೇ ಅಳತೆಗೆ ಬರಬೇಕಾದರೆ ಮಾದರಿ ಒಂದೇ ಇರಬೇಕು, ಅದನ್ನು ನೋಡಿಕೊಳ್ಳುವವನ ಕಣ್ಣು ಖಡಕ್ಕಾಗಿರಬೇಕು. ಲೋಹದ ಖರ್ಚಿನ ಅಂದಾಜಿಗೆ, ಮೊನೆಗೂ ಬಾಲಕ್ಕೂ ಸೇರಿ 10 ಗ್ರಾಂ ಎಂದು ಕಡಿಮೆಯಲ್ಲೇ ಹಿಡಿಯಿರಿ: 40,000ಕ್ಕೆ 400 ಕಿಲೋ ಕಂಚು. ಇಷ್ಟನ್ನು ಸತ್ತ ದೊರೆಯ ಜೊತೆ ಹೂಳಲು ಕೊಟ್ಟರು ಎಂದರೆ, ಬದುಕಿರುವ ಸೈನ್ಯಕ್ಕೆ ಎಷ್ಟು ಮಾಡುತ್ತಿದ್ದಿರಬೇಕು.

ಈ ಆಯುಧಗಳ ಬಗ್ಗೆ ಈಗಲೂ ಓಡಾಡುವ ಒಂದು ತಪ್ಪು ಮಾತನ್ನು ಇಲ್ಲೇ ಸರಿಪಡಿಸಬೇಕು. ಚಿನ್ ಕಾಲದವರಿಗೆ ಕ್ರೋಮಿಯಂ ಲೇಪನ ಗೊತ್ತಿತ್ತು, ಅದರಿಂದಲೇ ಎರಡು ಸಾವಿರ ವರ್ಷ ಕಿಲುಬು ಹತ್ತಿಲ್ಲ ಎನ್ನುತ್ತಾರೆ. 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 464 ಕಂಚಿನ ಆಯುಧ ಮತ್ತು ಬಿಡಿಭಾಗಗಳನ್ನು ನೋಡಿದಾಗ ಕ್ರೋಮಿಯಂ ಸಿಕ್ಕಿದ್ದು 37ರಲ್ಲಿ. ಅವೂ ಹೆಚ್ಚಾಗಿ ಅರಗಿನಂಥ ಮೆರುಗೆಣ್ಣೆ ಬಳಿದ ಮರದ ಹಿಡಿಗೆ, ಒರೆಗೆ ತಾಗಿಕೊಂಡಿದ್ದ ಭಾಗಗಳು. ಆ ಮೆರುಗೆಣ್ಣೆಯಲ್ಲೇ ಕ್ರೋಮಿಯಂ ಇತ್ತು, ಪಕ್ಕದ ಕಂಚಿಗೆ ಹತ್ತಿಕೊಂಡಿದೆ. ಬಹಳ ಚೆನ್ನಾಗಿ ಉಳಿದ ಅನೇಕ ಆಯುಧಗಳಲ್ಲಿ ಕ್ರೋಮಿಯಂ ಕಾಣಲೇ ಇಲ್ಲ. ಕಾಪಾಡಿದ್ದು ಲೇಪನವಲ್ಲ. ಸ್ವಲ್ಪ ಕ್ಷಾರದ, ಬಹಳ ನುಣುಪಾದ ಅಲ್ಲಿನ ಮಣ್ಣು ಒಂದು ಕಾರಣ, ಕಂಚಿನಲ್ಲಿದ್ದ ಹೆಚ್ಚು ತವರ ಇನ್ನೊಂದು. ಹೊಸದಾಗಿ ಮಾಡಿದ ಕಂಚಿನ ತುಂಡುಗಳನ್ನು ಷಿಯಾನ್‌ನ ಮಣ್ಣಿನಲ್ಲೂ ಇಂಗ್ಲೆಂಡಿನ ಮಣ್ಣಿನಲ್ಲೂ ಹುದುಗಿಸಿ, ಬಿಸಿ ಮತ್ತು ತೇವ ಕೊಟ್ಟು ನಾಲ್ಕು ತಿಂಗಳು ಇಟ್ಟರು. ಇಂಗ್ಲೆಂಡಿನ ಮಣ್ಣಿನವು ಕಿಲುಬು ಹಿಡಿದವು, ಷಿಯಾನ್‌ನ ಮಣ್ಣಿನವು ಹೊಸದರಂತೆಯೇ ಇದ್ದವು. ಇಲ್ಲದ ಲೇಪನಕ್ಕೆ ಆ ಕಂಚುಗಾರರನ್ನು ಹೊಗಳುವುದು ಬೇಡ, ಎರಡು ಪಾಕದ ಎರಕ ಸಾಕು.

ಬಾಲದ ಬದಲು ಕೊಳವೆ ಇರುವ ಮೊನೆಗಳ ದಾರಿ ಬೇರೆ. ಕಪ್ಪು ಸಮುದ್ರದಿಂದ ಪೂರ್ವಕ್ಕೆ ಹಬ್ಬಿದ ಹುಲ್ಲುಗಾವಲಿನ ಶಕರು ಕ್ರಿ.ಪೂ. 7ನೇ ಶತಮಾನದಿಂದ ಬಳಸಿದ್ದು ಇವನ್ನು. ಎರಡು ಇಲ್ಲವೇ ಮೂರು ರೆಕ್ಕೆ, ಹಿಂದೆ ಕಾವು ತೂರಿಸುವ ತೂತು, ಮೂರು ಸೆಂಟಿಮೀಟರಿನ ಆಸುಪಾಸು ಉದ್ದ, ಕೆಲವೇ ಗ್ರಾಂ ತೂಕ. ಕುದುರೆ ಮೇಲೆ ಕೂತು ಹೊಡೆಯುವವರಿಗೆ ಹಗುರ ಬಾಣ ಬೇಕು. ಇಲ್ಲಿ ಎರಕದ ತೊಂದರೆಯೆಲ್ಲ ಕೊಳವೆಯದ್ದು. ತೂತು ಬರಲು ಅಚ್ಚಿನ ನಡುವೆ ಒಂದು ತಿರುಳು ನಿಲ್ಲಿಸಬೇಕು. ಅದು ಒಂದು ಬದಿಗೆ ವಾಲಿದರೆ ಆ ಬದಿಯ ಗೋಡೆ ಕಾಗದದಷ್ಟು ತೆಳುವಾಗುತ್ತದೆ, ಕೆಲವು ಸಲ ತೂತೇ ಬೀಳುತ್ತದೆ. ಮೂರು ರೆಕ್ಕೆಯ ಮೊನೆ ಅಚ್ಚಿನಿಂದ ಸಲೀಸಾಗಿ ಬಿಡಬೇಕಾದರೆ ಅಚ್ಚು ಮೂರು ತುಂಡಿನದೇ ಆಗಬೇಕು. ಇಂಥ ಮೊನೆಗಳನ್ನು ಹೊಯ್ಯುವ ಕಂಚಿನದೇ ಅಚ್ಚೊಂದು ಇರಾಕಿನ ಮೋಸುಲ್ ಕಡೆಯಿಂದ ಬಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಲೋಹದ ಅಚ್ಚಾದರೆ ಸವೆಯದೆ ಬಹಳ ಕಾಲ ಬಾಳುತ್ತದೆ. ಕಪ್ಪು ಸಮುದ್ರದ ಪಶ್ಚಿಮ ದಡದ ಗ್ರೀಕ್ ವಸಾಹತುಗಳಲ್ಲಿ ಬಾಣದ ಮೊನೆಯ ಆಕಾರದ ಕಂಚಿನ ತುಂಡುಗಳೇ ಹಣವಾಗಿಯೂ ನಡೆದವು. ಎಲ್ಲ ಒಂದೇ ಸಮ ಇದ್ದ ವಸ್ತು, ಎಣಿಸಿ ಕೊಡಲು ಸುಲಭ.

ನಮ್ಮ ಕಡೆ ಕಥೆ ಬೇರೆ ಲೋಹದ್ದು. ತುಂಗಭದ್ರಾ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜ ರಾವ್ ಅಗೆಸಿದಾಗ ಸಿಕ್ಕಿದ್ದು ಕಬ್ಬಿಣದ ಬಾಣದ ಮೊನೆಗಳು. ಅವು ಕ್ರಿ.ಪೂ. 1000ದ ಸುಮಾರಿನವು ಎಂದು ಇಂಗಾಲದ ಕಾಲಮಾಪನ ಹೇಳಿತು. ಆ ಕುಲುಮೆಗಳ ಬಿಸಿಗೆ ಕಬ್ಬಿಣ ನೀರಾಗಿ ಹರಿಯುತ್ತಿರಲಿಲ್ಲ. ಮುದ್ದೆಯಾಗಿ ಬಂದದ್ದನ್ನು ಕಾಯಿಸಿ ಬಡಿದು ಒಂದೊಂದೇ ಮೊನೆ ಮಾಡಬೇಕಿತ್ತು. ಅದಿರು ಕೈಗೆ ಸಿಗುವ ಊರಿನಲ್ಲಿ ಅದೇ ಸರಿ. ಚಿನ್ ರಾಜ್ಯದವರಿಗೂ ಕಬ್ಬಿಣ ಗೊತ್ತಿತ್ತು. ಆದರೂ ಬಾಣಕ್ಕೆ ಅವರು ಕಂಚನ್ನು ಬಿಡಲಿಲ್ಲ. ಮುಂದಿನ ಹಾನ್ ವಂಶದ ಕಾಲದಲ್ಲೂ ಕಂಚಿನ ಮೊನೆಗೆ ಕಬ್ಬಿಣದ ಬಾಲ ಸೇರಿಸಿದ ಬಾಣಗಳು ಇದ್ದವು. ಬಿದಿರಿನೊಳಗೆ ಮರೆಯಾಗುವ ಭಾಗದಲ್ಲಿ ದುಬಾರಿ ಲೋಹ ಉಳಿಸಿದರು, ಮೊನೆಯನ್ನು ಮುಟ್ಟಲಿಲ್ಲ.

ಹೊಲದಲ್ಲೋ ಹಳೆ ಮನೆಯ ಪಾಯದಲ್ಲೋ ತಾಮ್ರ, ಕಂಚಿನ ಹಳೆಯ ತುಂಡೇನಾದರೂ ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಮೇಲಿನ ಹಸಿರು ಪದರ, ಅದರ ಕೆಳಗಿನ ಕೆಂಪು ಪದರ ಎರಡೂ ಹೋಗುತ್ತವೆ, ಜೊತೆಗೆ ಸಾಣೆಯ ಗೀರುಗಳೂ ಹೋಗುತ್ತವೆ. ಆ ಗೀರುಗಳೇ ಕೆಲಸಗಾರನ ಕೈಗುರುತು. ಮಣ್ಣು ಮೆತ್ತಿದ್ದರೆ ಮೆತ್ತಿದ ಹಾಗೇ ಇರಲಿ. ತುಂಡಿನ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಉಪ್ಪಿನಂಶದಿಂದ ಬರುವ ಕಂಚಿನ ರೋಗ, ತೇವ ಸಿಕ್ಕಷ್ಟೂ ಒಳಕ್ಕೆ ತಿನ್ನುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಿದ ಡಬ್ಬಿಯಲ್ಲಿ, ತೇವ ನೂರಕ್ಕೆ 40 ದಾಟದಂತೆ ಇಡಿ. ಸಿಕ್ಕ ಜಾಗದ ಮತ್ತು ಆಳದ ಅಳತೆ ಬರೆದಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಒಂದಕ್ಕಿಂತ ಹೆಚ್ಚು ಸಿಕ್ಕಿದ್ದರೆ ಯಾವುದರ ಪಕ್ಕ ಯಾವುದಿತ್ತು ಎಂದು ಎತ್ತುವ ಮೊದಲೇ ಫೋಟೋ ತೆಗೆಯಿರಿ. ಲಿಂಟಾಂಗ್‌ನ ಮೊನೆಗಳನ್ನು ಗುಡಿಸಿ ಒಂದು ಗೋಣಿಗೆ ತುಂಬಿದ್ದರೆ ನೂರರ ಕಟ್ಟಿನ ಸುಳಿವೇ ಸಿಗುತ್ತಿರಲಿಲ್ಲ.